ಮೊದಲೇ ಬಂದ ಅಯ್ಯನವರು

ಕಾಸಾರಶಿರಸಿಯ ಪುರೋಹಿತ ಜಂಗಮರಾದ ವಿಶ್ವನಾಥಯ್ಯನವರನ್ನು ಇದುವರೆಗೆ ಎಷ್ಟು ಮದುವೆ ಮಾಡಿಸಿದ್ದೀರಿ ಎಂದು ಕೇಳಿದರೆ ಅವರಿಗೆ ಹೇಳಲು ಬರುವುದಿಲ್ಲ. ಮಾಡಿಸದೆ ಬಿಟ್ಟ ಮದುವೆ ಎಷ್ಟು ಎಂದು ಕೇಳಿದರೆ ಮಾತ್ರ ಥಟ್ಟನೆ ಹೇಳುತ್ತಾರೆ: ಒಂದು. ಆ ಒಂದನ್ನು ಮರೆಯಬೇಕೆಂದು ಅವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಆದರೆ ಯೆಣೆಗೂರಿನವರು ಮರೆಯಲು ಬಿಟ್ಟರೆ ತಾನೇ? ಅವರು ಅದನ್ನು ವರ್ಷಕ್ಕೊಮ್ಮೆ ಶಾಲೆಯ ಮೈದಾನದಲ್ಲಿ ಹಾರ್ಮೋನಿಯಂ, ತಬಲಾ ಸಮೇತ ಸಂಗೀತ ನಾಟಕವಾಗಿ ಆಡುತ್ತಾರೆ.

ನಡೆದದ್ದು ಇಷ್ಟೇ. ನಲವತ್ತು ವರ್ಷದ ಹಿಂದೆ ವಿಶ್ವನಾಥಯ್ಯನವರಿಗೆ ಇಪ್ಪತ್ತಮೂರು. ತಂದೆಗೆ ಜ್ವರ ಬಂದಿದ್ದರಿಂದ ಯೆಣೆಗೂರಿನ ಭಕ್ತ ಮನ್ಮಥಪ್ಪನ ಮದುವೆಗೆ ಮಗನೊಬ್ಬನೇ ಹೊರಟ. ಹುಡುಗಿ ನಿಲಂಗಾದ ರಂಭಾಬಾಯಿ. ಅಕ್ಷತೆ ಮಧ್ಯಾಹ್ನ ಹನ್ನೆರಡೂ ಮೂವತ್ತೈದಕ್ಕೆ. ಮೊದಲ ಸಲ ಒಬ್ಬರೇ ಮದುವೆ ಮಾಡಿಸುವ ಹುರುಪಿನಲ್ಲಿ ನಮ್ಮ ಅಯ್ಯನವರಿಗೆ ಒಂದು ಯೋಚನೆ ಹೊಳೆಯಿತು. ದೊಡ್ಡ ದೊಡ್ಡ ಮಠದ ಸ್ವಾಮಿಗಳು ಮಹತ್ವದ ಕಾರ್ಯಕ್ಕೆ ಮೊದಲು ಮೌನ ಹಿಡಿಯುತ್ತಾರಂತೆ, ತಾವೂ ಯಾಕೆ ಹಿಡಿಯಬಾರದು? ಹಿಡಿದೇಬಿಟ್ಟರು. ಉಮರ್ಗಾ ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸಬೇಕಿತ್ತು. ಅರ್ಧ ಕಣ್ಣು ಮುಚ್ಚಿ ಮಂತ್ರ ಮೆಲುಕು ಹಾಕುತ್ತ ಎದುರಿಗೆ ನಿಂತಿದ್ದ ಬಸ್ಸನ್ನು ಹತ್ತಿದರು. ಕಂಡಕ್ಟರ್ ಬಂದು, “ಕುಠೇ ಮಹಾರಾಜ?” ಎಂದು ಮರಾಠಿಯಲ್ಲಿ ಎಲ್ಲಿಗೆಂದು ಕೇಳಿದ. ಮೌನ ಮುರಿಯುವುದುಂಟೇ? ಅಯ್ಯನವರು ಬಲಗೈ ಎತ್ತಿ ಆಶೀರ್ವಾದ ಮಾಡಿದರು. ಕಂಡಕ್ಟರ್ ಆ ಕೈ ಮುಂದಕ್ಕೆ, ಕೊನೆಯ ತನಕ ಎನ್ನುತ್ತಿದೆಯೆಂದು ತಿಳಿದು ಕೊನೆಯ ಊರಿನ ಟಿಕೀಟು ಹರಿದುಕೊಟ್ಟ. ಮುಚ್ಚಿದ ಕಣ್ಣಿಗೆ ನಿದ್ದೆ ಹತ್ತಿತು. ಎಚ್ಚರವಾದಾಗ ಬಸ್ಸು ಉದಗೀರದಲ್ಲಿ ನಿಂತಿತ್ತು. ಅಲ್ಲಿ ಅಯ್ಯನವರು ಮೌನ ಮುರಿದು ಆಡಿದ ಮೊದಲ ಮಾತು, “ಯೆಣೆಗೂರ ಬಂತೇನ್ರಿ?”

ಬರಲಿಲ್ಲ. ಇತ್ತ ಯೆಣೆಗೂರಿನಲ್ಲಿ ಹನ್ನೆರಡೂ ಮೂವತ್ತೈದು ಬಂತು, ಹೋಯಿತು. ಎರಡಾಯಿತು, ಮೂರಾಯಿತು. ಅಯ್ಯ ಬಾರದ್ದು ಅಪಶಕುನ ಎಂದು ಹುಡುಗಿಯ ಕಡೆಯವರು, ಹುಡುಗಿಯ ಕಾಲ್ಗುಣ ಎಂದು ಹುಡುಗನ ಕಡೆಯವರು ಮಾತಿಗೆ ಮಾತು ಬೆಳೆಸಿದರು; ನಿಲಂಗಾದ ಬೀಗರು ಊಟವನ್ನೂ ಮಾಡದೆ ಚಕ್ಕಡಿ ಕಟ್ಟಿ ಹೊರಟರು. ತಿಂಗಳಾದ ಮೇಲೆ ಮನ್ಮಥಪ್ಪನೂ ರಂಭಾಬಾಯಿಯೂ ನೋಂದಣಿ ಕಚೇರಿಯಲ್ಲಿ ಸಾಹೇಬರ ಮುಂದೆ ಸಹಿ ಮಾಡಿ ಗಂಡಹೆಂಡಿರಾದರು. ಹಿರಿಯರು ಆಮೇಲೆ ರಾಜಿಯಾದರು, ಸಂಸಾರ ಚೆನ್ನಾಗಿಯೇ ನಡೆಯಿತು, ಮಗಳೂ ಹುಟ್ಟಿದಳು. ಆದರೆ ರಂಭಾಬಾಯಿಯ ತಲೆಯ ಮೇಲೆ ಒಂದು ಕಾಳು ಅಕ್ಷತೆ ಬೀಳಲಿಲ್ಲ. ನಮ್ಮ ಕಡೆ ಮದುವೆಯೆಂದರೆ ಅಕ್ಷತೆಯೇ. ಕರೆಯೋಲೆಯಲ್ಲಿ ಜನ ಮೊದಲು ನೋಡುವುದು ಅಕ್ಷತೆಯ ಹೊತ್ತನ್ನು. ಅದು ತಲೆಗೆ ಬಿದ್ದ ಗಳಿಗೆಯಲ್ಲೇ ಮಂದಿ ಊಟದ ಪಂಕ್ತಿಗೆ ಓಡುತ್ತಾರೆ. ಕಾಗದ ಏನು ಹೇಳಿದರೂ ಆಕೆಗೆ ತಾನು ಅರ್ಧ ಮದುವೆಯಾದವಳು ಎಂದೇ ಅನ್ನಿಸುತ್ತಿತ್ತು.

ಮನ್ಮಥಪ್ಪ ತೊಗರಿ ಬೆಳೆಯುವ ರೈತ, ಜೊತೆಗೆ ಒಳ್ಳೆಯ ಹಾಡುಗಾರ. ತನ್ನ ಸಿಟ್ಟನ್ನೆಲ್ಲ ಹಾಕಿ ಒಂದು ನಾಟಕ ಬರೆದ. ಸುವರ್ಣಕುಮಾರ, ಚಂಪಾವತಿ ಎಂಬ ಪ್ರೇಮಿಗಳು ಹಾಳು ಗುಡಿಯಲ್ಲಿ ಗುಟ್ಟಾಗಿ ಮದುವೆಯಾಗಲು ಅಯ್ಯನಿಗಾಗಿ ಕಾಯುತ್ತಾರೆ. ಹೊತ್ತು ಮುಳುಗಿದರೆ ರಾಜನ ದಂಡು ಬಂದು ಅವರನ್ನು ಅಗಲಿಸುತ್ತದೆ. ಅವನು “ಚಂಪಾ, ಅಯ್ಯನವರು ಬಂದರೇ?” ಎಂದು ಮೂರು ಸಲ ಕೇಳುತ್ತಾನೆ. ಅವಳು “ಬರಲಿಲ್ಲ ದೊರೆಯೇ, ಅಯ್ಯನವರು ಬರಲಿಲ್ಲ” ಎಂದು ಮೂರು ಸಲ ಹಾಡುತ್ತಾಳೆ. ಇಬ್ಬರೂ ವಿಷ ಕುಡಿದು, ಹನ್ನೆರಡು ನಿಮಿಷ ಹಾಡಿ ಸಾಯುತ್ತಾರೆ. ಆಗ ಅಯ್ಯ ಬಂದು, “ಅಯ್ಯೋ, ಹೊತ್ತು ಮೀರಿತೇ” ಎನ್ನುತ್ತಾನೆ. ಪರದೆ ಬೀಳುತ್ತದೆ. ಸುವರ್ಣಕುಮಾರನಾಗಿ ಮನ್ಮಥಪ್ಪ, ಚಂಪಾವತಿಯಾಗಿ ರಂಭಾಬಾಯಿ. ಇಬ್ಬರಿಗೂ ಅರವತ್ತು ದಾಟಿದರೂ ಪಾತ್ರ ಬಿಟ್ಟುಕೊಟ್ಟಿಲ್ಲ.

ಅವಳು “ಬರಲಿಲ್ಲ” ಎಂದು ಹಾಡಿದಾಗಲೆಲ್ಲ ಇಡೀ ಯೆಣೆಗೂರು ಮೂರನೆಯ ಸಾಲಿನ ಕಡೆಗೆ ಕುತ್ತಿಗೆ ತಿರುಗಿಸುತ್ತಿತ್ತು. ಅಲ್ಲಿ ವಿಶ್ವನಾಥಯ್ಯನವರು ಕೂತಿರುತ್ತಿದ್ದರು. ಹೋಗದಿದ್ದರೆ ಓಡಿಹೋದರು ಎನ್ನುತ್ತಾರೆ, ಹೋದರೆ ಹೀಗೆ ನೋಡುತ್ತಾರೆ. ಅದಕ್ಕಿಂತ ಅವರಿಗೆ ನೋವಾಗುತ್ತಿದ್ದುದು ಸೋಮವಾರಗಳಲ್ಲಿ. ಪ್ರತಿ ಸೋಮವಾರ ಅವರು ಭಿಕ್ಷೆಯ ಜೋಳಿಗೆ ಹಿಡಿದು, ಗಂಟೆ ಬಾರಿಸುತ್ತ ಯೆಣೆಗೂರಿನ ಭಕ್ತರ ಮನೆಮನೆಗೆ ಹೋಗುತ್ತಾರೆ. ಎಲ್ಲ ಮನೆಯಲ್ಲೂ ಕಾಲಿಗೆ ನೀರು, ಕುಡಿಯಲು ಪಾನಕ, ಜೋಳಿಗೆಗೆ ಜೋಳ. ರಂಭಾಬಾಯಿಯ ಮನೆ ಹತ್ತಿರವಾದಾಗ ಮಾತ್ರ, ಅವರ ಗಂಟೆಯ ಸದ್ದು ಕೇಳಿ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ನಲವತ್ತು ವರ್ಷದ ಸೋಮವಾರಗಳು. ಸಾಯುವುದರೊಳಗೆ ಆ ಮನೆಯಲ್ಲಿ ಒಂದು ಗುಟುಕು ನೀರು ಕುಡಿಯಬೇಕು ಎಂಬುದೊಂದೇ ಅವರಿಗೆ ಉಳಿದಿದ್ದ ಆಸೆ.

ಹೀಗಾಗಿ ಬಸ್ಸಿನಲ್ಲಿ ಕೂತಾಗಲೆಲ್ಲ ಅವರು ಆ ಪ್ರೇಮಿಗಳನ್ನು ಬದುಕಿಸುವ ದಾರಿ ಹುಡುಕುತ್ತಿದ್ದರು. ಮನೆಗೆ ಬಂದು ಹೆಂಡತಿ ಸಂಗಮ್ಮನ ಮುಂದೆ ಹೇಳುತ್ತಿದ್ದರು.

“ನೋಡು, ವಿಷದಾಗ ಅಂಗಡಿಯಂವಾ ನೀರ ಕೂಡಿಸಿ ಭೇಸಳಿ ಮಾಡ್ಯಾನ ಅಂತ ತಿಳಿ. ಕುಡೀತಾರ, ಹೊಟ್ಟಿ ಕಡೀತದ, ಆದ್ರ ಸಾಯಂಗಿಲ್ಲ.”

“ಹೊಟ್ಟಿ ಕಡಕೋತ ಹನ್ನೆರಡ ಮಿನಿಟ ಹ್ಯಾಂಗ ಹಾಡ್ತಾರ್ರಿ?” ಎಂದು ಸಂಗಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳುತ್ತಿದ್ದಳು.

“ಹಂಗಿದ್ರ ರಾಜನ ದಂಡು ದಾರಿ ತಪ್ಪಿ ಬ್ಯಾರೆ ಕಡಿ ಹೋಗ್ಯದ ಅನ್ನೋಣ.”

“ನಿಮ್ಮಂಗ ಉದಗೀರಕ್ಕ ಹೋಗ್ಯದೇನು?”

ಅಲ್ಲಿಗೆ ಆ ದಾರಿ ಮುಚ್ಚುತ್ತಿತ್ತು. ಆದರೂ ಬಿಡದೆ ಪ್ರತಿ ವರ್ಷ ಒಂದೊಂದು ಹೊಸ ಮುಕ್ತಾಯವನ್ನು ಮನ್ಮಥಪ್ಪನಿಗೆ ಕಾರ್ಡಿನಲ್ಲಿ ಬರೆದು ಕಳಿಸುತ್ತಿದ್ದರು, ಈಗೀಗ ಮೊಬೈಲಿನಲ್ಲಿ. ಚಂಪಾವತಿಯ ಸೋದರಮಾವ ಪೊಲೀಸ್ ಪಾಟೀಲನಾದರೆ? ಇಬ್ಬರೂ ಮೊದಲು ಊಟ ಮಾಡಿ ಆಮೇಲೆ ಯೋಚಿಸಿದರೆ? ಮನ್ಮಥಪ್ಪ ಪ್ರತಿಸಲ ಒಂದೇ ಉತ್ತರ ಕಳಿಸುತ್ತಿದ್ದ: “ಅಯ್ಯ ಹೊತ್ತಿಗೆ ಬಂದ್ರ ಇದ್ಯಾವುದೂ ಬೇಕಾಗಂಗಿಲ್ಲ.” ಮಾತು ಸರಿಯೇ ಆಗಿದ್ದರಿಂದ ಅಯ್ಯನವರು ಮುಂದಿನ ವರ್ಷದ ಮುಕ್ತಾಯವನ್ನು ಯೋಚಿಸತೊಡಗುತ್ತಿದ್ದರು.

ಈ ವರ್ಷ ದೇವರು ಕಾಶೆಪ್ಪನ ಹಲ್ಲಿನ ರೂಪದಲ್ಲಿ ಕಣ್ಣು ತೆರೆದ. ಕಾಶೆಪ್ಪ ಹೆದ್ದಾರಿಯ ಮೇಲೆ ಧಾಬಾ ಇಟ್ಟವನು, ಇಪ್ಪತ್ತು ವರ್ಷದಿಂದ ನಾಟಕದಲ್ಲಿ ತಡವಾಗಿ ಬರುವ ಅಯ್ಯನ ಪಾತ್ರ ಅವನದೇ. ನಾಟಕಕ್ಕೆ ಎರಡು ದಿನವಿರುವಾಗ ಹೊಸ ಹಲ್ಲಿನ ಸೆಟ್ ಕೂಡಿಸಿಕೊಂಡ. ಬಾಯಿ ತೆಗೆದರೆ ಸೀಟಿ ಹೊಡೆಯುತ್ತಿತ್ತು.

“ಅಯ್ಯನೋರೆ, ನೀವೇ ಬರ್ರಿ,” ಎಂದು ಫೋನಿನಲ್ಲಿ ಸೀಟಿ ಹೊಡೆದ. “ವೇಷಾನೂ ಬ್ಯಾಡ. ಇಬ್ಬರೂ ಸತ್ತು ಬಿದ್ದ ಮ್ಯಾಲ ಬಂದು ಒಂದೇ ಮಾತ ಅನ್ನೋದದ.”

“ಮನ್ಮಥಪ್ಪ ಒಪ್ಪತಾನೇನೋ?”

“ಕೇಳೀನ್ರಿ. ತಡಾ ಆಗಿ ಬರೋದ್ರಾಗ ಅಯ್ಯನೋರು ಪಕ್ಕಾ ಅದಾರ, ತಾಲೀಮು ಬ್ಯಾಡ ಅಂದಾನ. ರಂಭಾ ವೈನಿಗೆ ಮಾತ್ರ ಹೇಳಬ್ಯಾಡ ಅಂದಾನ.”

ಮನ್ಮಥಪ್ಪ ಒಪ್ಪಲು ಬೇರೆ ಕಾರಣವೂ ಇತ್ತು. ಗಂಟಲು ಕೈಕೊಡುತ್ತಿತ್ತು, ಇದೇ ಅವನ ಕೊನೆಯ ನಾಟಕ. ಅದಕ್ಕೇ ಈ ಸಲ ಉಮರ್ಗಾದ ಕಲಾ ಸಮಿತಿಯ ಸ್ಪರ್ಧೆಗೆ ಹೆಸರು ಕೊಟ್ಟಿದ್ದ, ಶೋಕಾಂತ ನಾಟಕ ವಿಭಾಗದಲ್ಲಿ. ಪರೀಕ್ಷಿಸಲು ಸಮಿತಿಯ ಪಂಡಿತ ಸಾಹೇಬರು ಫಾರ್ಮು ಹಿಡಿದು ಬರುವವರಿದ್ದರು, ಅವರೆದುರು ಕೊನೆಯ ಮಾತು ಸೀಟಿಯಾಗಬಾರದಿತ್ತು.

ನಾಟಕ ಸಂಜೆ ನಾಲ್ಕಕ್ಕೆ. ವಿಶ್ವನಾಥಯ್ಯನವರು ಬೆಳಿಗ್ಗೆ ಆರಕ್ಕೇ ಮನೆ ಬಿಟ್ಟರು. ಉಮರ್ಗಾ ಸ್ಟ್ಯಾಂಡಿನಲ್ಲಿ ಬಸ್ಸಿನ ಬೋರ್ಡು ಓದಿ, ಡ್ರೈವರನನ್ನು ಕೇಳಿ, ಕಂಡಕ್ಟರನನ್ನು ಕೇಳಿ, ಶೇಂಗಾ ಮಾರುವವಳನ್ನೂ ಕೇಳಿ ಹತ್ತಿದರು. ದಾರಿಯುದ್ದಕ್ಕೂ ಒಂದು ರೆಪ್ಪೆ ಮುಚ್ಚಲಿಲ್ಲ. ಒಂಬತ್ತಕ್ಕೆ ಯೆಣೆಗೂರಿನಲ್ಲಿ ಇಳಿದು, ಡ್ರೈವರನಿಗೂ ಬಸ್ಸಿಗೂ ಕೈಮುಗಿದರು.

ಇನ್ನು ನಾಲ್ಕರ ತನಕ ಏನು ಮಾಡುವುದು? ಕೆಲಸವಿಲ್ಲದೆ ಕೂತು ಅವರಿಗೆ ಅಭ್ಯಾಸವಿಲ್ಲ. ಜೋಳಿಗೆಯಲ್ಲಿ ಅಕ್ಕಿ ಇತ್ತು, ಅರಿಷಿಣವಿತ್ತು. ಕೈ ತಾನಾಗಿಯೇ ಅಕ್ಷತೆ ಕಲಸಿತು. ಸಂಜೆ ಜನ ಮೈದಾನಕ್ಕೆ ಬರತೊಡಗಿದಾಗ ಅಯ್ಯನವರು ಬಾಗಿಲಲ್ಲಿ ನಿಂತಿದ್ದರು. ನಲವತ್ತು ವರ್ಷದ ರೂಢಿ ನೋಡಿ, ಒಳಗೆ ಬರುವವರ ಕೈಗೆಲ್ಲ ಒಂದೊಂದು ಚಿಟಿಕೆ ಅಕ್ಷತೆ ಹಾಕುತ್ತ ಹೋದರು. ತಾವೇನು ಮಾಡುತ್ತಿದ್ದೇವೆಂದು ಅವರಿಗೂ ತಿಳಿಯಲಿಲ್ಲ, ಜನರೂ ಕೇಳಲಿಲ್ಲ. ಅಯ್ಯ ಅಕ್ಷತೆ ಕೊಟ್ಟರೆ ಮುಷ್ಟಿ ಮಾಡಿ ಹಿಡಿದುಕೊಳ್ಳುವುದು ಅವರಿಗೂ ರೂಢಿಯೇ. ಮುಂದಿನ ಸಾಲಿನಲ್ಲಿದ್ದ ಪಂಡಿತ ಸಾಹೇಬರು ಸಹ ಎಡಗೈಯಲ್ಲಿ ಅಕ್ಷತೆ, ಬಲಗೈಯಲ್ಲಿ ಪೆನ್ನು ಹಿಡಿದು ಕೂತರು. ಮೈದಾನದ ಹಿಂದೆ ನಾಟಕ ಮುಗಿದ ಮೇಲಿನ ಊಟಕ್ಕೆ ಗೋಧಿ ಹುಗ್ಗಿ ಕುದಿಯುತ್ತಿತ್ತು. ಅದರ ವಾಸನೆ ಮುಂದಿನ ಸಾಲಿನ ತನಕ ಬರುತ್ತಿತ್ತು.

ನಾಟಕ ಚೆನ್ನಾಗಿ ಏರಿತು. ಕೊನೆಯ ದೃಶ್ಯ ಬಂತು. ಹಾಳು ಗುಡಿ, ಹಳದಿ ಸೀರೆಯ ಚಂಪಾವತಿ, ಅವಳ ಕೈಯಲ್ಲಿ ವಿಷದ ಬಟ್ಟಲು. ವಿಶ್ವನಾಥಯ್ಯನವರು ಪರದೆಯ ಮರೆಯಲ್ಲಿ ನಿಂತು ತಮ್ಮ ಒಂದು ಮಾತನ್ನು ಬಾಯಿಪಾಠ ಮಾಡುತ್ತಿದ್ದರು.

“ಚಂಪಾ, ಅಯ್ಯನವರು ಬಂದರೇ?” ಎಂದ ಸುವರ್ಣಕುಮಾರ.

“ಬರಲಿಲ್ಲ ದೊರೆಯೇ, ಅಯ್ಯನವರು ಬರಲಿಲ್ಲ,” ಎಂದು ರಂಭಾಬಾಯಿ ಹಾಡಿದಳು. ಜನ ಮೂರನೆಯ ಸಾಲಿಗೆ ತಿರುಗಿದರು. ಕುರ್ಚಿ ಖಾಲಿ. ಹಾಡುತ್ತಲೇ ಆಕೆಯೂ ಆ ಕಡೆ ನೋಡಿದಳು, ಒಂದು ಸ್ವರ ತಪ್ಪಿತು.

ಎರಡನೆಯ ಸಲ ಕೇಳಿದ, ಎರಡನೆಯ ಸಲ ಹಾಡಿದಳು. ಅಯ್ಯನವರು ಪರದೆ ತುಸು ಸರಿಸಿದರು. ಇಷ್ಟು ವರ್ಷ ಈ ಹಾಡನ್ನು ಅವರು ಎದುರಿಗೆ ದೂರ ಕೂತು ಕೇಳಿದ್ದರು. ಇವತ್ತು ನಾಲ್ಕು ಹೆಜ್ಜೆ ದೂರದಲ್ಲಿ ಕೇಳುತ್ತಿದ್ದರು. ಆಕೆಯ ಕಣ್ಣಲ್ಲಿದ್ದ ನೀರು ನಾಟಕದ್ದಲ್ಲ ಎಂದು ಅಲ್ಲಿಂದ ಕಾಣುತ್ತಿತ್ತು.

“ಚಂಪಾ, ಅಯ್ಯನವರು ಬಂದರೇ?”

ಮೂರನೆಯ ಸಲಕ್ಕೆ ಆಕೆ ಬಾಯಿ ತೆರೆಯುವ ಮೊದಲೇ ಅಯ್ಯನವರ ಕಾಲು ನಡೆದುಬಿಟ್ಟಿತು.

“ಬಂದೀನ್ರಿ,” ಎಂದರು ರಂಗದ ನಡುವೆ ನಿಂತು.

ಹಾರ್ಮೋನಿಯಂ ನಿಂತಿತು. ಮನ್ಮಥಪ್ಪ ಹಲ್ಲು ಕಚ್ಚಿ ಪಿಸುಗುಟ್ಟಿದ, “ಈಗಲ್ರಿ ಅಯ್ಯನೋರೆ. ನಾವ್ ಇನ್ನಾ ಸತ್ತಿಲ್ಲ.”

“ಅದಕ್ಕೇ ಬಂದೀನಿ.”

“ಸತ್ತ ಮ್ಯಾಲ ಬರ್ರಿ. ಹಿಂದಕ್ಕ ನಡೀರಿ.”

“ಒಮ್ಮಿ ತಡಾ ಮಾಡಿ ಭಾಳ ಅನುಭವಿಸೀನಿ ಮನ್ಮಥಪ್ಪ. ಮತ್ತ ಮಾಡಂಗಿಲ್ಲ. ಸುಮ್ ನಿಂದರು.”

ಹೇಳಿದವರೇ ಇಬ್ಬರನ್ನೂ ಎದುರುಬದುರು ನಿಲ್ಲಿಸಿ, ತಮ್ಮ ಹೆಗಲ ಮೇಲಿನ ಶಲ್ಯವನ್ನು ನಡುವೆ ಅಂತರಪಟ ಮಾಡಿ ಹಿಡಿದು ಮಂಗಲಾಷ್ಟಕ ಎತ್ತಿಕೊಂಡರು. ಅವರ ಕಂಠ ದೊಡ್ಡದು, ಮೈಕು ಇನ್ನೂ ದೊಡ್ಡದು. ಸ್ಪಷ್ಟವಾಗಿ, ಸಾವಕಾಶವಾಗಿ, ಉದಗೀರದ ಬಸ್ಸಿನಲ್ಲಿ ಮೆಲುಕು ಹಾಕಿದ ಒಂದಕ್ಷರವನ್ನೂ ಬಿಡದೆ ಹೇಳಿದರು. ಕೊನೆಗೆ “ಸಾವಧಾನ” ಎಂದು ಶಲ್ಯ ಸರಿಸಿದರು.

ಆ ಮಾತು ಕೇಳಿದ ಮೇಲೆ ನಮ್ಮ ಕಡೆಯ ಮನುಷ್ಯನ ಕೈ ಅವನ ಮಾತು ಕೇಳುವುದಿಲ್ಲ. ಇಡೀ ಮೈದಾನದ ಮುಷ್ಟಿಗಳು ಒಮ್ಮೆಲೇ ಬಿಚ್ಚಿದವು. ಹಳದಿ ಅಕ್ಷತೆ ಸುರಿಯಿತು. ತಬಲಾದವನು ಮದುವೆಯ ಠೇಕಾ ಬಾರಿಸಿದ. ಪಂಡಿತ ಸಾಹೇಬರು ಮೊದಲು ಅಕ್ಷತೆ ಎಸೆದು ಆಮೇಲೆ ನಾಲಿಗೆ ಕಚ್ಚಿಕೊಂಡರು. ಅಷ್ಟರಲ್ಲಿ ಅಷ್ಟೂ ಜನ ಎದ್ದು, ಚಪ್ಪಲಿ ಹುಡುಕಿ, ಹುಗ್ಗಿಯ ಪಂಕ್ತಿಗೆ ನಡೆದಾಗಿತ್ತು. ಅಕ್ಷತೆ ಬಿದ್ದ ಮೇಲೆ ಇನ್ನೇನು ಉಳಿದಿರುತ್ತದೆ ಎಂದು ಅವರಿಗೆ ಹೊಳೆಯಲೇ ಇಲ್ಲ.

ಮನ್ಮಥಪ್ಪ ಖಾಲಿ ಕುರ್ಚಿಗಳನ್ನು ನೋಡಿ ತಲೆಯ ಕಿರೀಟ ಕಿತ್ತು ಒಗೆದ. “ನನ್ನ ಸಾವಿನ ಹಾಡು ಹಂಗೇ ಉಳೀತು. ಗಂಟಲ ಕಾಯ್ದಿಟ್ಟೀನಿ ಅದಕ್ಕಂತ, ಎಂಟ ದಿನ ಬಿಸಿನೀರ ಕುಡದೀನಿ.”

ಪಂಡಿತ ಸಾಹೇಬರು ರಂಗದ ಅಂಚಿಗೆ ಬಂದು ಫಾರ್ಮು ಚಾಚಿದರು. “ಮನ್ಮಥಪ್ಪನವರೆ, ನೀವ್ ಶೋಕಾಂತ ಅಂತ ಬರದೀರಿ, ಇಲ್ಲಿ ಲಗ್ನ ಆಗ್ಯದ. ನೀವ್ ಸಾಯ್ತೀರೋ ಇಲ್ಲೋ ಅಷ್ಟೇ ಹೇಳ್ರಿ. ನಾ ತುಂಬಬೇಕಲ್ಲ.”

“ಸಾಯ್ತೀನ್ರಿ ಸಾಹೇಬ್ರೆ. ಐದ ಮಿನಿಟ ತಡೀರಿ. ಏ ರಂಭಾ, ಬಟ್ಟಲ ತಾ.”

ರಂಭಾಬಾಯಿ ಕದಲಲಿಲ್ಲ. ಆಕೆಯ ತುರುಬಿನಲ್ಲಿ, ಹೆಗಲ ಮೇಲೆ, ರೆಪ್ಪೆಯ ಮೇಲೆ ಅಕ್ಷತೆ ನಿಂತಿತ್ತು. ಒಂದು ಕಾಳು ಉದುರೀತೆಂದು ಕುತ್ತಿಗೆಯನ್ನೂ ತಿರುಗಿಸದೆ ನಿಂತಿದ್ದಳು.

“ನಾ ಸಾಯಂಗಿಲ್ಲ,” ಎಂದಳು.

“ಅಂದ್ರ?”

“ಅಕ್ಷತಾ ಬಿದ್ದ ಮ್ಯಾಲ ಹ್ಯಾಂಗ ಸಾಯಲಿ? ಈಗ ತಾನೇ ಲಗ್ನ ಆಗ್ಯದ. ನೀವ್ ಬೇಕಂದ್ರ ಒಬ್ರೇ ಸಾಯ್ರಿ.”

ಸಾಹೇಬರು ನಾಯಕಿ ಸಾಯಲು ಒಪ್ಪಲಿಲ್ಲ ಎಂದು ಬರೆದುಕೊಂಡು, ಶೋಕಾಂತ ಎಂಬುದಕ್ಕೆ ಗೆರೆ ಎಳೆದು ಹುಗ್ಗಿಯ ಕಡೆ ನಡೆದರು. ಮನ್ಮಥಪ್ಪ ಸೊಂಟದ ಕತ್ತಿ ಬಿಚ್ಚಿಟ್ಟು ಗುಡಿಯ ಮೆಟ್ಟಿಲ ಮೇಲೆ ಕೂತ. ಸ್ಪರ್ಧೆ ಹೋಯಿತು. ಹೆಂಡತಿಯ ಮುಖ ನೋಡಿದ. ಈ ಮುಖವನ್ನು ಅವನು ಕಚೇರಿಯಲ್ಲಿ ಸಹಿ ಮಾಡಿದ ದಿನ ಕಂಡಿರಲಿಲ್ಲ. ಆಮೇಲೆ ಸಾವಿನ ಹಾಡಿನ ಮಾತೆತ್ತಲಿಲ್ಲ.

ಅಷ್ಟರಲ್ಲಿ ಊರು ವಾಪಸು ಬಂತು. ಮಗಳು ಸಾರಿಕಾ ತನ್ನ ಇಬ್ಬರು ಮಕ್ಕಳನ್ನು ಮುಂದೆ ದೂಡಿ, “ಬರ್ರಿ, ಅಜ್ಜ-ಆಯಿ ಲಗ್ನದಾಗ ಫೋಟೋ ತಗೀಸೋಣ” ಎಂದಳು. ಪಕ್ಕದ ಮನೆಯ ಕಾಂತಾಬಾಯಿ ಎಲ್ಲಿಂದಲೋ ಒಂದು ಕುಪ್ಪಸದ ಬಟ್ಟೆ ತಂದು ಮದುವೆಯ ಉಡುಗೊರೆಯೆಂದು ಆಯೇರಿ ಮಾಡಿದಳು. ಆಕೆಗೆ ಅಷ್ಟಕ್ಕೇ ಸಮಾಧಾನವಿಲ್ಲ.

“ಏ ರಂಭಾ, ಒಡಪು ಕಟ್ಟಿ ಗಂಡನ ಹೆಸರ ಹೇಳು. ಹೇಳದೆ ಊಟಕ್ಕ ಬಿಡಂಗಿಲ್ಲ.”

“ಈ ವಯಸ್ಸಿನಾಗೇನ ಅಕ್ಕಾ?”

“ಹೊಸಾ ಮದಲಗಿತ್ತಿ ಅದೀ, ಹೇಳಬೇಕು.”

ರಂಭಾಬಾಯಿ ತಲೆ ತಗ್ಗಿಸಿದಳು, ಕಾಳು ಉದುರುತ್ತದೆಂದು ಮತ್ತೆ ಎತ್ತಿದಳು. “ನಲವತ್ತ ವರ್ಷಕ್ಕ ಬಿತ್ತು ಅಕ್ಷತಾ ತಲಿ ತುಂಬಾ, ಮನ್ಮಥಪ್ಪನವರ ಪೂರಾ ಹೇಣ್ತಿ ಆದಳು ರಂಭಾ.”

ಹೆಂಗಸರು ನಕ್ಕರು. ಮನ್ಮಥಪ್ಪ ಬಣ್ಣ ಒರೆಸಿಕೊಳ್ಳುವ ನೆಪದಲ್ಲಿ ಕಣ್ಣು ಒರೆಸಿಕೊಂಡ.

ಈ ಗದ್ದಲದಲ್ಲಿ ವಿಶ್ವನಾಥಯ್ಯನವರು ಶಲ್ಯ ಮಡಚಿಕೊಂಡು ಮೆಲ್ಲಗೆ ಮೆಟ್ಟಿಲು ಇಳಿಯುತ್ತಿದ್ದರು. ನಾಟಕ ಕೆಡಿಸಿದ್ದು ಈಗ ಅವರ ಅರಿವಿಗೆ ಬಂದಿತ್ತು. ನಲವತ್ತು ವರ್ಷದ ಹಿಂದೆ ತಡ ಮಾಡಿ ಒಂದು ಮದುವೆ ಕೆಡಿಸಿದೆ, ಇವತ್ತು ಬೇಗ ಬಂದು ಒಂದು ಸಾವು ಕೆಡಿಸಿದೆ, ಇನ್ನು ಯೆಣೆಗೂರಿನ ಯಾವ ಬಾಗಿಲೂ ತೆರೆಯುವುದಿಲ್ಲ ಎಂದು ಅವರ ಲೆಕ್ಕ.

“ಅಯ್ಯನೋರೆ, ನಿಂದರ್ರಿ.”

ರಂಭಾಬಾಯಿ. ಕೈಯಲ್ಲಿ ವಿಷದ ಬಟ್ಟಲು. ಅಯ್ಯನವರು ನಿಂತಲ್ಲೇ ನಿಂತರು. ಆಕೆ ಎದುರಿಗೆ ಬಂದು ಬಟ್ಟಲು ನೀಡಿದಳು.

“ನಲವತ್ತ ವರ್ಷ ಇದನ್ನ ನಾ ಕುಡದೀನಿ. ಇವತ್ತ ನೀವ್ ಕುಡೀರಿ.”

ನಿಜವಾದ ವಿಷವೇ ಆಗಿದ್ದರೂ ಅಯ್ಯನವರು ಕುಡಿಯುತ್ತಿದ್ದರು. ಎರಡೂ ಕೈಯಲ್ಲಿ ಹಿಡಿದು ಕುಡಿದರು. ಬೆಲ್ಲದ ಪಾನಕ, ಏಲಕ್ಕಿ ಹಾಕಿದ್ದು.

“ನಿಮ್ಮ ಮ್ಯಾಲ ಭಾಳ ಸಿಟ್ಟ ಇತ್ತರಿ,” ಎಂದಳು ಆಕೆ. “ಇವತ್ತ ಹೋಯ್ತು. ನಿಮ್ಮ ಉಪಕಾರ ಮರಿಯಂಗಿಲ್ಲ. ಸೋಮವಾರ ಮನಿಗೆ ಬರ್ರಿ. ಬಸ್ಸ ನೋಡಿ ಹತ್ರಿ.”

ಅಯ್ಯನವರು ಖಾಲಿ ಬಟ್ಟಲು ಹಿಂದಿರುಗಿಸಿ ತಲೆ ಬಾಗಿದರು. ಈ ಸಲ ಅವರು ಹಿಡಿದ ಮೌನಕ್ಕೆ ಮಾತ್ರ ಯಾವ ಮಠದ ಸ್ವಾಮಿಯನ್ನೂ ನೋಡಿ ಕಲಿಯಬೇಕಾಗಿರಲಿಲ್ಲ. ಊಟದ ಪಂಕ್ತಿಯಲ್ಲಿ ಕಾಶೆಪ್ಪ ಸಿಕ್ಕಾಗ ಅವನ ಹಲ್ಲಿಗೆ ಕೈಮುಗಿದರು. ಕಾಶೆಪ್ಪ ಸಂಕೋಚದಿಂದ ಸೀಟಿ ಹೊಡೆದ. ಮನೆಗೆ ಬಂದು ಎಲ್ಲವನ್ನೂ ಹೇಳಿದಾಗ ಸಂಗಮ್ಮ ಮೊದಲ ಸಲ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು.

ರಂಭಾಬಾಯಿ ಹೇಳಿದ್ದು ಸೋಮವಾರ. ಐತವಾರ ಮಧ್ಯಾಹ್ನ ಆಕೆ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಾಗ ಗಂಟೆಯ ಸದ್ದು ಕೇಳಿತು. ತಲೆ ಎತ್ತಿದರೆ ಬಾಗಿಲಲ್ಲಿ ವಿಶ್ವನಾಥಯ್ಯನವರು, ಹೆಗಲಿಗೆ ಜೋಳಿಗೆ, ಮುಖದ ತುಂಬ ಬೆವರು.

“ಇವತ್ತ ಐತವಾರ ಅದರಿ ಅಯ್ಯನೋರೆ.”

“ಗೊತ್ತದವ್ವ. ನಡುವ ಬಸ್ಸಿಗಿ ಏನಾರ ಆದೀತಂತ ಒಂದ ದಿನ ಮೊದಲೇ ಬಂದೀನಿ.”

ರಂಭಾಬಾಯಿ ಮೊರ ಕೆಳಗಿಟ್ಟು ಕಾಲಿಗೆ ನೀರು ತರಲು ಎದ್ದಳು. ಒಳಗೆ ಮಲಗಿದ್ದ ಮನ್ಮಥಪ್ಪ ಮಾತಿನ ಸದ್ದಿಗೆ ಎಚ್ಚರಾಗಿ, “ರಂಭಾ, ಯಾರ ಬಂದಾರ?” ಎಂದು ಕೂಗಿದ.

ಆಕೆ ತಂಬಿಗೆ ತುಂಬುತ್ತ, ನಾಟಕದ ಅದೇ ಧಾಟಿಯಲ್ಲಿ ಹಾಡಿ ಹೇಳಿದಳು, “ಬಂದಾರ ದೊರೆಯೇ, ಅಯ್ಯನವರು ಬಂದಾರ.”